ಕಾರು ನಿಂತಲ್ಲೆಲ್ಲ ಹಕ್ಕಿ

ಕಾರು ಮತ್ತೊಮ್ಮೆ ನಿಂತಾಗ ಶಾಂಭವಿಗೆ ಒಳಗೊಳಗೇ ನಗು ಬಂತು. ಹೋದ ವಾರ ಹೆಣ್ಣು ನೋಡಲು ಬಂದಿದ್ದ ಚೈತನ್ಯ, 'ಒಂದು ಸಲ ಇಬ್ಬರೇ ಮಾತಾಡಬೇಕು' ಎಂದು ಮನೆಯವರನ್ನು ಒಪ್ಪಿಸಿ ಇವತ್ತು ಕರೆತಂದಿದ್ದ. ಶನಿವಾರಸಂತೆ ಬಿಟ್ಟಾಗಿನಿಂದ ಆಡಿದ್ದೆಲ್ಲ ಹಕ್ಕಿಗಳ ಮಾತು.

"ಅಲ್ಲಿ, ಹಳ್ಳದ ಬಂಡೆ ಮೇಲೆ," ಎಂದು ಬೈನಾಕ್ಯುಲರ್ ಅವಳ ಕೈಗಿತ್ತ.

ಮಳೆ ಹಿಂದೆ ಸರಿದು ಗದ್ದೆಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಹಳದಿ ಹೊಟ್ಟೆಯ ಪುಟ್ಟ ಹಕ್ಕಿಯೊಂದು ಬಾಲ ಕುಣಿಸುತ್ತಿತ್ತು.

"ಹಿಮಾಲಯದ ಕಡೆಯಿಂದ ಈಗಷ್ಟೇ ಬಂದಿದೆ."

"ಹೆಸರೇನು?"

ಅವನ ಕಿವಿ ಕೆಂಪಾಯಿತು. "ಇನ್ನೊಂದು ದಿನ ಹೇಳ್ತೀನಿ ಕಣ್ರೀ. ಹೆಸರು ಸ್ವಲ್ಪ ಮರ್ಯಾದೆ ಬಿಟ್ಟದ್ದು."

"ಕುಂಡೆಕುಸ್ಕ ತಾನೇ?"

ನೆಂಟರು ಬಂದರೆ ಅಡುಗೆಮನೆ ಬಿಟ್ಟು ಹೊರಗೆ ಬಾರದ ಹುಡುಗಿ ಹಾಗೆ ಅಂದುಬಿಟ್ಟಿದ್ದಳು! ಅವನು ಸ್ಟೀರಿಂಗಿಗೆ ಹಣೆಯೊತ್ತಿ ನಕ್ಕ. ಆ 'ಇನ್ನೊಂದು ದಿನ'ವನ್ನು ಅವಳು ವೇಲಿನ ತುದಿಗೆ ಗಂಟು ಹಾಕಿಕೊಂಡಂತೆ ಜೋಪಾನ ಮಾಡಿದಳು.

ಪುಷ್ಪಗಿರಿ ಕಾಣುವ ತಿರುವಿನಲ್ಲಿ ಕಾರು ಪುನಃ ನಿಂತಿತು. ಶಾಂಭವಿ ಮರಗಳನ್ನೆಲ್ಲ ಹುಡುಕಿದಳು.

"ಎಲ್ಲಿದೆ?"

"ಹಕ್ಕಿ ಇಲ್ಲ." ಅವನು ರಸ್ತೆಯನ್ನೇ ನೋಡುತ್ತಿದ್ದ. "ಶಾಂಭವಿಯವರೇ, ಒಂದು ಉಪಕಾರ ಮಾಡ್ಬೇಕು. ಹುಡುಗ ಇಷ್ಟ ಆಗ್ಲಿಲ್ಲ ಅಂತ ನೀವೇ ಮನೇಲಿ ಹೇಳಿಬಿಡಿ."

ಕಾರಣವನ್ನೂ ಅವನೇ ಹೇಳಿದ: ಕರಿಕೆ ಊರಿನ ಹುಡುಗಿ, ತುಳಸಿ. ಕಾಲೇಜಿನ ದಿನಗಳ ಪ್ರೀತಿ. ಜಾತಿ ಬೇರೆ.

"ನಾನೇ ಬೇಡ ಅಂದ್ರೆ ಯಾಕೆ ಅಂತ ಕೆದಕ್ತಾರೆ. ಅವಳ ಹೆಸರು ಗೊತ್ತಾದ್ರೆ ನಮ್ಮಪ್ಪ, ದೊಡ್ಡಪ್ಪ ಎಲ್ಲಾ ಅವಳ ಮನೆಗೇ ಜಗಳಕ್ಕೆ ಹೋಗ್ತಾರೆ. ಹೆಣ್ಣಿನ ಕಡೆಯೋರು ಬೇಡ ಅಂದ್ರೆ ಅಲ್ಲಿಗೇ ಮುಗೀತು."

"ಮತ್ತೆ ಆ ಹಕ್ಕಿಗಳು?"

"ಹೇಳೋಣ ಅಂತಲೇ ಒಂದೊಂದು ಸಲನೂ ನಿಲ್ಲಿಸ್ದೆ. ಬಾಯಿ ಬರ್ಲಿಲ್ಲ. ಕಣ್ಣಿಗೆ ಬಿದ್ದ ಹಕ್ಕಿ ತೋರಿಸ್ದೆ."

ಶಾಂಭವಿ ಬೈನಾಕ್ಯುಲರನ್ನು ಮೆಲ್ಲಗೆ ಅದರ ಚೀಲದೊಳಗೆ ಇಟ್ಟಳು.

"ತುಳಸಿಗೆ ಹಕ್ಕಿ ಅಂದ್ರೆ ಇಷ್ಟನಾ?"

"ಊಹೂಂ. ಕಾರು ನಿಲ್ಲಿಸಿದ್ರೆ ಬಯ್ತಾಳೆ."

ಹಾಗೆ ಹೇಳುವಾಗ ಅವನ ಮುಖವೆಲ್ಲ ಬೆಳಗಿತು. ಅದನ್ನು ಕಂಡ ಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ.

"ಹೇಳ್ತೀನಿ ಬಿಡಿ," ಅಂದಳು.

ವಾಪಸು ಬರುವಾಗ ಕಾರು ಎಲ್ಲೂ ನಿಲ್ಲಲಿಲ್ಲ.

ಗೇಟಿನ ಬಳಿ ಇಳಿದು ಒಳಗೆ ಬಂದವಳನ್ನು ಅಮ್ಮ ಹಜಾರದಲ್ಲೇ ಹಿಡಿದುಕೊಂಡಳು. "ನವರಾತ್ರಿಯೊಳಗೆ ಮಾತು ಮುಗಿಸೋಣ ಅಂತ ಅವರ ಮನೆಯಿಂದ ಫೋನ್ ಬಂದಿತ್ತು ಕಣೇ. ಏನಂತೀಯಾ?"

"ಬೇಡಮ್ಮ."

"ಹಾಂ? ಅಂಥಾ ಹುಡುಗನಲ್ಲಿ ಏನೇ ಕೊರತೆ ಕಂಡೆ?"

ಬೆಳಗಿನಿಂದ ಕಂಡದ್ದನ್ನೆಲ್ಲ ಶಾಂಭವಿ ಮನಸ್ಸಿನಲ್ಲೇ ತಡಕಾಡಿದಳು. ಹೆಸರಿಗೊಂದು ಕೊರತೆಯೂ ಕೈಗೆ ಸಿಗಲಿಲ್ಲ.

"ತುಂಬಾ ಮಾತಾಡ್ತಾರಮ್ಮ. ತಲೆನೋವು ಬಂತು."

"ನಿನ್ನ ತಲೆ! ಮೂಗನ್ನ ಎಲ್ಲಿಂದ ಹುಡುಕಿ ತರ್ಲಿ?" ಬಯ್ಯುತ್ತಲೇ ಅಮ್ಮ ಅಮೃತಾಂಜನ ತಂದು ಅವಳ ಹಣೆಗೆ ತಿಕ್ಕಿದಳು. "ಕಣ್ಣು ಉರೀತಿದೆಯೇನೇ?"

"ಹೂಂ," ಅಂದಳು ಶಾಂಭವಿ. ಆಮೇಲೆ ಧಾರಾಳವಾಗಿ ಅತ್ತಳು.