ಲಿನಕ್ಸ್ ಸಿ.ಡಿ. ಮತ್ತು ಮಗ್ಗದ ಮುಸುಕು

"ಕಳ್ಳ!"

ರೋಜಾ ಭೂಪತಿಯೊಡನೆ ಆಡಿದ ಮೊಟ್ಟಮೊದಲ ಮಾತು ಅದು! ಸೇಲಂನ ಕಂಪ್ಯೂಟರ್ ಸೆಂಟರಿನಲ್ಲಿ, ತುಂಬಿದ ಕ್ಲಾಸಿನ ನಡುವೆ, ಅವನ ಕೈಯಲ್ಲಿದ್ದ ಸಿ.ಡಿ.ಯನ್ನು ಕಿತ್ತುಕೊಂಡು ಅಂದಿದ್ದಳು.

ಹಾಗೆ ನೋಡಿದರೆ, ಕ್ಲಾಸಿಗೆ ಸೇರಿದಾಗಿನಿಂದ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಹೇಳುವ ಭೂಪತಿ ಮೇಷ್ಟ್ರನ್ನು ಕದ್ದು ಕದ್ದು ನೋಡುತ್ತಿದ್ದವಳೂ ಇವಳೇ. ಇವತ್ತಾದರೂ ಮಾತಾಡಿಸಬೇಕು ಅಂದುಕೊಳ್ಳುವುದು, ಬಾಯಿ ಒಣಗಿಸಿಕೊಂಡು ಮನೆಗೆ ಮರಳುವುದು... ಇದೇ ಆಗಿತ್ತು ಅವಳ ದಿನಚರಿ.

ಅದು ತೊಂಬತ್ತೊಂಬತ್ತನೇ ಇಸವಿ. ಭೂಪತಿ ಅಂದು ಬಟ್ಟೆಚೀಲದಿಂದ ಸಿ.ಡಿ.ಗಳನ್ನು ತೆಗೆದು ಹಂಚುತ್ತ ತಮಿಳಿನಲ್ಲಿ ಹೇಳಿದ್ದ: ಇದರ ಹೆಸರು ಲಿನಕ್ಸ್. ವಿಂಡೋಸ್ ಇದೆಯಲ್ಲ, ಹಾಗೆ ಇದೂ ಕಂಪ್ಯೂಟರನ್ನು ನಡೆಸುತ್ತದೆ. ಕಾಸು ಬೇಡ. ನೀವೂ ಕಾಪಿ ಮಾಡಿ ನಾಲ್ಕು ಜನರಿಗೆ ಕೊಡಿ.

ಕಾಪಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ರೋಜಾಳ ಮೈಯೆಲ್ಲ ಉರಿದುಹೋಯಿತು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಮನೆಯ ಕನ್ನಡ.

"ಯಾರೋ ಕಷ್ಟಬಿದ್ದು ಮಾಡಿದ್ನ ಕಾಪಿ ಒಡೆದು ಅಂಚೋಕೆ ನಾಚ್ಕೆ ಆಗಲ್ವಾ? ಕಳ್ಳ!"

ಭೂಪತಿಯ ಮುಖ ಕಪ್ಪಿಟ್ಟಿತು. ಮೆಲ್ಲಗೆ, ಕನ್ನಡದಲ್ಲೇ ಉತ್ತರಿಸಿದ.

"ನಾನ್ ಕದ್ದಿಲ್ಲಮ್ಮ..."

'ಅಯ್ಯೋ, ಇವರೂ ನಮ್ಮ ಮಾತಿನವರಾ?' ಅವಳು ಬೆಚ್ಚಿದಳು. ಅಷ್ಟರಲ್ಲಿ ಸೆಂಟರಿನ ಯಜಮಾನ ಪೆರುಮಾಳ್ ಓಡಿಬಂದರು.

"ಎನ್ನಪ್ಪಾ ಇದು? ಪೊಲೀಸ್ ವಂದಾ ಯಾರು ಬದಿಲ್ ಸೊಲ್ರದು?"

ಪೊಲೀಸರು ಬಂದರೆ ಉತ್ತರ ಹೇಳುವವರು ಯಾರು ಎಂಬ ಅವರ ಭಯಕ್ಕೂ ಕಾರಣವಿತ್ತು ಬಿಡಿ. ಅವರ ಕಂಪ್ಯೂಟರುಗಳಲ್ಲಿದ್ದ ವಿಂಡೋಸಿನಲ್ಲಿ ಒಂದನ್ನೂ ಕಾಸು ಕೊಟ್ಟು ತಂದಿರಲಿಲ್ಲ! ಪೊಲೀಸಿನವರ ಕಣ್ಣು ಇತ್ತ ಬೀಳುವುದೇ ಬೇಡವೆಂದು ಭೂಪತಿಯನ್ನು ಆ ಗಳಿಗೆಯೇ ಕೆಲಸದಿಂದ ಬಿಡಿಸಿದರು. ಅವನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ರೋಜಾಳ ಸಿಟ್ಟು ಅವಳು ಹುಟ್ಟಿದ ಬೀದಿಯಿಂದಲೇ ಬಂದದ್ದು. ಸೇಲಂನ ಗುಗೈಯಲ್ಲಿ, ಮನೆಯಲ್ಲಿ ಕನ್ನಡವಾಡುವ ನೇಕಾರರ ಬೀದಿ ಅದು. ಒಬ್ಬರ ಸೀರೆಯ ಅಂಚನ್ನು ಇನ್ನೊಬ್ಬರು ನೇಯ್ದರೆ ಅಲ್ಲಿ ಅದು ಕಳ್ಳತನವೇ. ಅವಳ ಅಪ್ಪ ಮುನುಸ್ವಾಮಿ ವರ್ಷವಿಡೀ ತಲೆಕೆಡಿಸಿಕೊಂಡು ಗೋಪುರದ ಅಂಚೊಂದನ್ನು ಕಟ್ಟಿದ್ದರು. ಊಟಕ್ಕೆ ಬಂದ ನೆಂಟನೊಬ್ಬ ಅದನ್ನು ಕಣ್ಣಲ್ಲೇ ಕದ್ದ. ದೀಪಾವಳಿಯ ಹೊತ್ತಿಗೆ ಅಂಗಡಿ ಅಂಗಡಿಯಲ್ಲಿ ಅದೇ ಅಂಚು! ಕೊನೆಗೆ ಕದ್ದವರು ಅಪ್ಪನೇ ಎಂದು ಜನ ಆಡಿಕೊಂಡರು.

ಅಂದಿನಿಂದ ಮನೆಯವರಲ್ಲದ ಯಾರು ಹೊಸ್ತಿಲು ತುಳಿದರೂ ಅಪ್ಪ ಮಗ್ಗದ ಮೇಲೆ ಹಳೇ ಪಂಚೆಯ ಮುಸುಕು ಎಳೆಯುತ್ತಿದ್ದರು. ಆ ಮುಸುಕನ್ನು ನೋಡುತ್ತಲೇ ರೋಜಾ ಬೆಳೆದಿದ್ದಳು.

ಮುಂದಿನ ವಾರ ಇಂಜಿನಿಯರಿಂಗ್ ಕಾಲೇಜಿನ ಅಶ್ವತ್ಥ್ ಸರ್ ಭೂಪತಿಯನ್ನು ಹುಡುಕಿಕೊಂಡು ಸೆಂಟರಿಗೆ ಬಂದರು. ನಡೆದದ್ದನ್ನು ಕೇಳಿ ಹಣೆ ಚಚ್ಚಿಕೊಂಡರು.

"ಕಳ್ಳತನವೇ? ಆ ಸಿ.ಡಿ.ಗಳನ್ನು ಹಂಚು ಅಂತ ಕೊಟ್ಟವನೇ ನಾನು! ಅದನ್ನು ಬರೆದವರೇ ಹೇಳಿದ್ದಾರೆ, ಕಾಪಿ ಮಾಡಿ, ಬೇಕಿದ್ದರೆ ತಿದ್ದಿ, ಎಲ್ಲರಿಗೂ ಕೊಡಿ ಅಂತ. ದೇಶದೇಶದವರು ಕೂಡಿ ಬರೆಯುತ್ತಿದ್ದಾರೆ. ಪಾಪ, ಆ ಹುಡುಗ..."

ರೋಜಾಳ ಕಿವಿ ಗುಯ್‌ಗುಟ್ಟಿತು.

'ಬರೆದವರೇ ಕೊಟ್ಟದ್ದಾ? ಹಾಗಾದರೆ ನಾನು...!'

ಅಪ್ಪನನ್ನು ಜನ ಏನೆಂದು ಸುಟ್ಟಿದ್ದರೋ ಅದೇ ಮಾತಿನಿಂದ ಅವಳು ಇನ್ನೊಬ್ಬರನ್ನು ಸುಟ್ಟಿದ್ದಳು. ನಾಚಿಕೆಗೆ ಕನ್ನಡಿಯ ಮುಂದೆ ನಿಂತು ತಲೆ ಬಾಚಲೂ ಆಗಲಿಲ್ಲ. ಕೊನೆಗೆ ಅಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿ ಬಿಕ್ಕಿಬಿಕ್ಕಿ ಅತ್ತಳು.

ಮುನುಸ್ವಾಮಿ ಲಾಳಿಯನ್ನು ಕೆಳಗಿಟ್ಟರು.

"ಕದ್ದೋನು ಬೇರೆ, ಕೊಟ್ಟಿದ್ನ ಅಂಚೋನು ಬೇರೆ ಕಣವ್ವ. ಆ ಮಾತು ಬಿದ್ರೆ ಎಂಗಿರ್ತದೆ ಅಂತ ನಂಗೊತ್ತು. ಓಗು... ನಾಕ್ ಜನದ ಮುಂದೆ ಅಂದಿದ್ನ ನಾಕ್ ಜನದ ಮುಂದೆನೇ ವಾಪಸ್ ತಗೋ."

* * *

ಸೇಲಂ ಹತ್ತಿರದ ಮೇಚೇರಿಯ ಕುರಿಸಂತೆ. ಕುರಿಗಳ ಅರಚಾಟ, ಧೂಳು, ಬಿಸಿಲು. ಪೆರುಮಾಳ್ ಹೇಳಿದ ಗುರುತು ಹಿಡಿದು ಬಂದವಳಿಗೆ ಭೂಪತಿ ದೂರದಿಂದಲೇ ಕಂಡ. ತನ್ನ ಅವ್ವ ಚೆಲ್ಲಮ್ಮನ ಪಕ್ಕದಲ್ಲಿ ಟಗರಿನ ಹಗ್ಗ ಹಿಡಿದು ನಿಂತಿದ್ದ.

'ತಿರುಗಿ ಹೋಗಿಬಿಡಲೇ?' ಆದರೂ ಹೋಗಿ ಎದುರಿಗೆ ನಿಂತಳು.

"ಯಾರ್ಲಾ ಈ ಎಣ್ಮಗಳು?" ಎಂದರು ಚೆಲ್ಲಮ್ಮ.

"ಸೆಂಟ್ರಲ್ಲಿ ಓದೋ ಉಡುಗಿ ಕಣವ್ವ," ಎಂದ ಭೂಪತಿ, ಅಷ್ಟಕ್ಕೇ ನಿಲ್ಲಿಸಿ.

ಕಳ್ಳ ಎಂದವಳು ಇವಳೇ ಎಂದು ಹೇಳದೆ ಅವಳ ಮಾನ ಕಾಯುತ್ತಿದ್ದಾನೆ! ಅದನ್ನು ಕಂಡು ರೋಜಾಳಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

"ಇಲ್ಲಮ್ಮ... ನಿಮ್ ಮಗನ್ನ ಎಲ್ಲಾರ ಮುಂದೆ ಕಳ್ಳ ಅಂದೋಳು ನಾನೇ. ತಪ್ಪಾಯ್ತು!"

ಕುರಿ ನೋಡುತ್ತಿದ್ದವರೆಲ್ಲ ಇತ್ತ ತಿರುಗಿದರು. ಚೆಲ್ಲಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಗನ ಕೈಯಿಂದ ಹಗ್ಗ ತಗೊಂಡು ದೂರ ಸರಿದರು.

"ಇಲ್ಲಿ ಏಳಿ ಏನ್ ಬಂತು ಬಿಡಿ," ಎಂದ ಭೂಪತಿ, ನೆಲ ನೋಡುತ್ತ. "ಆ ಮಾತು ಸೆಂಟ್ರಲ್ಲಿ ಬಿದ್ದೈತೆ."

"ಅಲ್ಲೂ ತಪ್ಪಾಯ್ತು ಅಂತ ಏಳ್ಬುಟ್ಟೆ. ನಿನ್ನೆ, ಕ್ಲಾಸಲ್ಲಿ ಎದ್ ನಿಂತು, ತಮಿಳಲ್ಲಿ... ಪೆರುಮಾಳಣ್ಣ ನಿಮ್ಮನ್ನ ಮತ್ತೆ ಕೆಲ್ಸಕ್ ಬರೋಕೆ ಏಳವ್ರೆ."

ಅವನು ತಲೆಯೆತ್ತಿದ. ಅವಳು ತಗ್ಗಿಸಿದಳು.

"ಒಂದ್ ಮಾತ್ ಕೇಳ್ಲಾ? ಅಷ್ಟ್ ಜನ ಇದ್ರು, ಯಾರ್ಗೂ ಕೋಪ ಬರ್ಲಿಲ್ಲ. ನಿಮಗ್ಯಾಕೆ ಬಂತು?"

ಅವಳು ಗೋಪುರದ ಅಂಚಿನ ಕತೆ ಹೇಳಿದಳು, ಮುಸುಕಿನ ಕತೆ ಹೇಳಿದಳು.

"ಯಾರ್ ಅಂದಿದ್ರೂ ತಡ್ಕೊತಿದ್ದೆ," ಎಂದ ಭೂಪತಿ. "ನೀವ್ ಅಂದ್ರಲ್ಲ... ಇಂದ್ಗಡೆ ಬೆಂಚ್ ನೋಡ್ಕೊಂಡೇ ದಿನಾ ಪಾಠ ಶುರು ಮಾಡ್ತಿದ್ದೆ ನಾನು."

ರೋಜಾಳ ಕಣ್ಣು ತುಂಬಿ ಹರಿಯಿತು. ಪ್ರೀತಿ ಕೈಗೆ ಬಂದ ಗಳಿಗೆಯಲ್ಲೂ ಅವಳ ಎದೆಯಲ್ಲಿ ತುಂಬಿದ್ದದ್ದು ನಾಚಿಕೆಯೇ. 'ಇಂಥವರನ್ನು ಅಂದೆನಲ್ಲ...!'

"ಮನೇಗ್ ಬನ್ನಿ," ಎಂದವಳೇ ಬಸ್ಸಿನ ಕಡೆ ಓಡಿದಳು.

* * *

ಭಾನುವಾರ ಅವನು ಬಂದ. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಅಂಗಿ, ಹೆಗಲಲ್ಲಿ ಅದೇ ಬಟ್ಟೆಚೀಲ. ಹೊಸ್ತಿಲ ಮೇಲೆ ಹೊರಗಿನ ಕಾಲು ಬಿದ್ದದ್ದೇ, ಮುನುಸ್ವಾಮಿಯ ಕೈ ಅಭ್ಯಾಸದಂತೆ ಹಳೇ ಪಂಚೆಯತ್ತ ಹೋಯಿತು.

ರೋಜಾ ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.

"ಇವ್ರಿಗ್ ಬ್ಯಾಡಪ್ಪಾ..."

ಅಂದ ಮೇಲೆ ತಾನು ಏನೆಂದೆ ಎಂದು ಅವಳಿಗೇ ಹೊಳೆಯಿತು. ಮುಸುಕು ಬೇಡದವರು ಮನೆಯವರು ಮಾತ್ರ! ಮುಖದ ಕೆಂಪು ಕುತ್ತಿಗೆಯವರೆಗೂ ಇಳಿಯಿತು. ಅಪ್ಪ ಮಗಳ ಮುಖ ನೋಡಿದರು, ಬಾಗಿಲಲ್ಲಿ ನಿಂತವನನ್ನು ನೋಡಿದರು. ಪಂಚೆಯನ್ನು ಅವಳ ಕೈಗೇ ಬಿಟ್ಟರು.

"ಕಾಪಿ ಇಡ್ಕೊಂಬತ್ತೀನಿ," ಎಂದು ಅಡುಗೆಮನೆಗೆ ಹೋದರು.

ಭೂಪತಿ ಮಾತ್ರ ಮಗ್ಗದ ಕಡೆ ನೋಡದೆ ಗೋಡೆಗೆ ಮುಖ ಮಾಡಿ ನಿಂತಿದ್ದ.

"ನೋಡಿ... ಅಪ್ಪನೇ ಒಪ್ಪವ್ರೆ."

"ಕಾಪಿ ಮಾಡ್ಬುಟ್ರೆ?"

"ಮಾಡಲ್ಲ ನೀವು. ನಂಗ್ ಗೊತ್ತು."

ಅವನು ತಿರುಗಿದ. ಗೋಪುರದ ಅಂಚಿನ ಮೇಲೆ ಬೆರಳು ತಾಗಿಸದೆ, ಬಾಗಿ, ಮನಸ್ಸು ತುಂಬ ನೋಡಿದ. ಆಮೇಲೆ ಅವಳನ್ನು ನೋಡಿದ.

"ನೀವ್ ಮೊದ್ಲು ಕಳ್ಳ ಅಂದ್ರಿ. ಆಮೇಲ್ ತಪ್ಪಾಯ್ತು ಅಂದ್ರಿ. ಮನೇಗ್ ಬನ್ನಿ ಅಂದ್ರಿ, ಬಂದೆ. ಇನ್ನೇನಾದ್ರೂ ಐತಾ?"

ಅವಳು ಪಂಚೆಯನ್ನು ಎದೆಗೊತ್ತಿಕೊಂಡಳು. ಎಷ್ಟೋ ದಿನಗಳ ಮೇಲೆ, ಮೊದಲ ಸಲ, ಕಣ್ಣೆತ್ತಿ ಅವನನ್ನು ನೇರವಾಗಿ ನೋಡಿದಳು.

"ಐತೆ..."

"ಏನು?"

"ಓಗ್ಬ್ಯಾಡಿ."