ಮೇಲೂರಿನ ಬಾಡಿಗೆ ಮನೆ

ಏಳು ವರ್ಷಗಳ ನಂತರ ಥಾಲಿಯಾಳ ಫೋನ್ ಬಂದಾಗ ಮಿಲ್ಟೊಸ್ ಏಣಿಯ ಮೇಲಿದ್ದ. ಯಾರದೋ ಮನೆಯ ಹಳೆಯ ಕಿಟಕಿ ರಿಪೇರಿ ಮಾಡುತ್ತಿದ್ದ.

"ಶನಿವಾರ ಬಿಡುವಿದ್ಯಾ? ನಿಮ್ಮ ಮೇಲೂರನ್ನ ಒಂದು ದಿನ ಪೂರ್ತಿ ತೋರಿಸ್ತೀಯಾ?"

ಯಾಕೆ ಎಂದು ಅವನು ಕೇಳಲಿಲ್ಲ. ಕೇಳಬೇಕಿತ್ತು. ಆ ದನಿ ಕೇಳಿದ ಖುಷಿಯಲ್ಲಿ ಏಣಿ ಇಳಿಯುವುದನ್ನೂ ಮರೆತು ನಿಂತುಬಿಟ್ಟಿದ್ದ.

ಥೆಸಲೊನೀಕಿ ನಗರದಲ್ಲಿ ಕೋಟೆಗೋಡೆಯ ಕೆಳಗಿನ ಹಳೆಯ ಬೀದಿಗಳನ್ನೆಲ್ಲ ಸೇರಿಸಿ ಮೇಲೂರು ಅನ್ನುತ್ತಾರೆ. ಮಿಲ್ಟೊಸ್ ಹುಟ್ಟಿ ಬೆಳೆದದ್ದೂ, ಮರಗೆಲಸ ಕಲಿತದ್ದೂ ಅಲ್ಲೇ. ಶನಿವಾರ ಬೆಳಿಗ್ಗೆ ಅವಳು ಚಿಕ್ಕ ಬಸ್ಸಿನಿಂದ ಇಳಿದಳು. ಕೂದಲು ಗಿಡ್ಡವಾಗಿತ್ತು. ನಗು ಮಾತ್ರ ಹಾಗೇ ಇತ್ತು, ಮೊದಲು ಕಣ್ಣಲ್ಲಿ, ಆಮೇಲೆ ತುಟಿಯಲ್ಲಿ.

"ಏನೋ ಇದು, ಇಸ್ತ್ರಿ ಮಾಡಿದ ಅಂಗಿ! ಯಾರ ಮದುವೆ?"

"ಒಗೆದಿದ್ದು ಇದೊಂದೇ ಇತ್ತು."

"ಸುಳ್ಳ! ಕಿವಿ ಕೆಂಪಾಗಿದೆ ನೋಡು."

ಬಳೆಯಂಥ ಎಳ್ಳಿನ ಬ್ರೆಡ್ಡೊಂದನ್ನು ಕೊಂಡು ಮುರಿದರು. ದೊಡ್ಡ ಚೂರು ಅವಳೇ ತೆಗೆದುಕೊಂಡಳು, ಕೇಳದೆ, ಹಿಂದಿನಂತೆಯೇ. ಅಷ್ಟಕ್ಕೇ ಅವನ ಎದೆ ತುಂಬಿತು.

ಓಣಿಗಳಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಜಾಗವಿರಲಿಲ್ಲ. ಅವಳು ಮುಂದೆ, ಇವನು ಹಿಂದೆ. ಅವಳು ಥಟ್ಟನೆ ತಿರುಗಿದಳು.

"ಹಿಂದೆ ನಿಂತು ಏನ್ ನೋಡ್ತಿದ್ದೀಯಾ?"

"ಗೋಡೆ."

"ಗೋಡೆ ನನ್ನ ಕುತ್ತಿಗೆ ಮೇಲಿದ್ಯಾ?"

ಮಠದ ಅಂಗಳದಲ್ಲಿ ನವಿಲುಗಳನ್ನು ನೋಡಿದರು. ಅಂಜೂರದ ಗಿಡ ಗೋಡೆಯನ್ನೇ ಸೀಳಿ ಬೆಳೆದಿದ್ದ ಕಡೆ ಅವಳು ಫೋಟೊ ತೆಗೆದಳು. ನಡುನಡುವೆ ಏನೇನೋ ವಿಚಾರಿಸುತ್ತಿದ್ದಳು. ಚಳಿಗಾಲದಲ್ಲಿ ಗಾಳಿ ಜೋರಾ? ಮೇಲಿನ ಮಹಡಿಗೆ ನೀರು ಹತ್ತುತ್ತಾ? ಕೊನೇ ಬಸ್ಸು ಎಷ್ಟೊತ್ತಿಗೆ? ಒಂದೊಂದು ಪ್ರಶ್ನೆಗೂ ಅವನೊಳಗೆ ಒಂದೊಂದು ದೀಪ ಹೊತ್ತಿಕೊಳ್ಳುತ್ತಿತ್ತು.

ಕೋಟೆಯ ಬಳಿ ನಿಂತಾಗ ಕೆಳಗೆ ಕಡಲು ಬೆಳ್ಳಗೆ ಹೊಳೆಯುತ್ತಿತ್ತು.

"ಇಲ್ಲಿ ಸಂಸಾರ ಮಾಡಬಹುದು, ಅಲ್ವಾ?" ಎಂದಳು. "ಯಾವುದಾದ್ರೂ ಮನೆ ಖಾಲಿ ಇದ್ಯಾ?"

ಇತ್ತು. ಅದೇ ಕೇರಿಯ ಆರ್ಗಿರೋ ಅಜ್ಜಿಯ ಮನೆಯ ಮಹಡಿ. ಮೂರು ತಿಂಗಳ ಹಿಂದೆ ಅದರ ಕಿಟಕಿ ಕೂರಿಸಿದ್ದು ಅವನೇ. ಕಿಟಕಿಯ ಕೆಳಗಿನ ಹಲಗೆಯನ್ನು ಬೇಕಿದ್ದಕ್ಕಿಂತ ಒಂದು ಗೇಣು ಅಗಲ ಇಟ್ಟಿದ್ದ. ಯಾಕೆಂದು ಅಜ್ಜಿಗೆ ಹೇಳಿರಲಿಲ್ಲ.

ಅಜ್ಜಿ ಬಾಗಿಲು ತೆರೆದುಕೊಟ್ಟಾಗ ಥಾಲಿಯಾ ಕೋಣೆಗೆ ಹೋದವಳೇ ಆ ಕಿಟಕಿ ಹಲಗೆ ಹತ್ತಿ, ಕಾಲು ಮಡಚಿ ಕುಳಿತಳು. "ಅಯ್ಯೋ, ಕೂತ್ಕೊಂಡು ಓದಕ್ಕೇ ಮಾಡಿದ ಹಾಗಿದೆ!"

ಅಜ್ಜಿ ಬಾಯ್ತುಂಬ ನಕ್ಕಳು. "ಅಂತೂ ಒಬ್ಬಳನ್ನ ಕರ್ಕೊಂಡು ಬಂದ್ಯಲ್ಲ ಮಗಾ! ಇಬ್ಬರಿಗೂ ಧಾರಾಳವಾಗಿ ಸಾಕು ಈ ಮನೆ."

ಅವನು ನಾಚಿ ತಲೆ ತಗ್ಗಿಸಿದ. ಆಗ ಥಾಲಿಯಾಳ ದನಿ ಕೇಳಿಸಿತು.

"ಇವನಲ್ಲ ಅಜ್ಜಿ. ಇವನು ಹಳೇ ಗೆಳೆಯ. ಸೆಪ್ಟೆಂಬರಲ್ಲಿ ನನ್ನ ಮದುವೆ. ಹುಡುಗನ ಹೆಸರು ಫೇದೋನ್, ಇಲ್ಲೇ ಬಂದರಲ್ಲಿ ಕೆಲಸ."

ಅಜ್ಜಿ ಇಬ್ಬರ ಮುಖವನ್ನೂ ನೋಡಿದಳು. "ಕಾಫಿ ಇಡ್ತೀನಿ," ಎಂದು ಕೆಳಗಿಳಿದು ಹೋದಳು.

"ಫೋನಲ್ಲೇ ಹೇಳಬಹುದಿತ್ತು," ಎಂದ ಮಿಲ್ಟೊಸ್.

"ಹೇಳಿದ್ರೆ ಬರ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ. ಒಂದ್ಸಲ ನಿನ್ನ ಜೊತೆ ನಡೀಬೇಕಿತ್ತು. ತಪ್ಪು ನಂದೇ." ಅವಳು ಕಿಟಕಿಯಾಚೆ ನೋಡುತ್ತ ಕೇಳಿದಳು, "ದೂರದ ವೋಲೊಸ್ ಊರಿನ ಶಾಲೇಲಿ ಕೆಲಸ ಸಿಕ್ಕಾಗ, ಸ್ಟೇಷನ್ನಲ್ಲಿ ನಿನ್ನ ಕೇಳಿದ್ದೆ, ಹೋಗ್ಲಾ ಬೇಡ್ವಾ ಅಂತ. ಏನಂದೆ, ನೆನಪಿದ್ಯಾ?"

"ನಿನ್ನಿಷ್ಟ ಅಂದೆ."

"ಹೂಂ. ನಿನ್ನಿಷ್ಟ."

"ನಿನ್ನ ಕೆಲಸಕ್ಕೆ ನಾನು ಅಡ್ಡ ಬರಬಾರದು ಅಂತ ಹಾಗಂದೆ, ಥಾಲಿಯಾ."

"ನಂಗೆ ಹಾಗೆ ಕೇಳಿಸ್ಲಿಲ್ಲ ಕಣೋ. ನಾನು ಇದ್ರೂ ಒಂದೇ, ಹೋದ್ರೂ ಒಂದೇ ಅಂತ ಕೇಳಿಸ್ತು. ದಾರಿಯುದ್ದಕ್ಕೂ ಅಳ್ತಾ ಹೋದೆ."

ಕೆಳಗೆ ಲೋಟಗಳ ಸದ್ದಾಯಿತು.

"ಫೇದೋನ್ ಒಳ್ಳೆಯವನು," ಎಂದಳು ಮೆಲ್ಲಗೆ. "ಏನನ್ಸುತ್ತೋ ಅದನ್ನ ಬಾಯಿಬಿಟ್ಟು ಹೇಳ್ತಾನೆ." ಹಲಗೆಯ ಅಂಚನ್ನು ಬೆರಳಿನಿಂದ ಸವರಿದಳು. "ಹೇಳು, ಈ ಮನೆ ತಗೊಳ್ಲಾ?"

"ಬೇಡ."

ಅವಳು ತಲೆಯೆತ್ತಿದಳು.

"ನನ್ನ ಮನೆ ಎರಡು ಓಣಿ ಆಚೆ. ದಿನಾ ಬೆಳಿಗ್ಗೆ ನೀನು ಅವನ ಕೈ ಹಿಡ್ಕೊಂಡು ಈ ಮೆಟ್ಟಿಲು ಇಳಿಯೋದನ್ನ ನೋಡಕ್ಕೆ ನನ್ನ ಕೈಲಾಗಲ್ಲ. ನೀನಂದ್ರೆ ನಂಗೆ ಇವತ್ತಿಗೂ ಅಷ್ಟೇ ಇಷ್ಟ. ಈ ಹಲಗೆ ಮಾಡುವಾಗ್ಲೂ, ಕಿಟಕೀಲಿ ಕೂತು ಓದೋ ನೀನೇ ಮನಸ್ಸಲ್ಲಿದ್ದೆ. ತಗೋಬೇಡ."

ಅವಳ ಕಣ್ಣು ತುಂಬಿ ಬಂತು. ಇಳಿದು ಬಂದು ಅವನ ಕೆನ್ನೆಗೆ ಅಂಗೈ ಇಟ್ಟಳು. ಅಂಗೈ ಬೆಚ್ಚಗಿತ್ತು.

"ಇಷ್ಟು ಹೇಳಕ್ಕೆ ಏಳು ವರ್ಷ ಬೇಕಾಯ್ತೇನೋ, ಪೆದ್ದ?"

ಅಜ್ಜಿ ಬೇಜಾರು ಮಾಡಿಕೊಳ್ಳಬಾರದೆಂದು ಕಾಫಿಯನ್ನು ಪೂರ್ತಿ ಕುಡಿದರು. ಬಸ್ಸಿನವರೆಗೆ ಓಣಿ ಇಳಿದರು. ಹತ್ತುವಾಗ ಅವಳು ಅವನ ಅಂಗಿಯ ಕಾಲರನ್ನು ಸರಿಮಾಡಿದಳು. "ಚೆನ್ನಾಗಿರು," ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಹಿಂದಿನ ಗಾಜಿನ ಬಳಿ ನಿಂತೇ ಇದ್ದಳು.

ಸೋಮವಾರ ಅವನು ಕೆಲಸಕ್ಕೆ ಹೊರಟಾಗ ಆರ್ಗಿರೋ ಅಜ್ಜಿ ಮೆಟ್ಟಿಲ ಮೇಲೆ ಕುಳಿತು ಬೀನ್ಸ್ ಬಿಡಿಸುತ್ತಿದ್ದಳು.

"ಆ ಹುಡುಗಿ ಮನೆ ತಗೊಳ್ತಾಳಂತಾ?"

"ಇಲ್ಲ ಅಜ್ಜಿ. ನಾನೇ ಬೇಡ ಅಂದೆ."

ಅಜ್ಜಿ ಬುಟ್ಟಿಯನ್ನು ಮಡಿಲಿಗೆಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಮಿಲ್ಟೊಸ್ ಕುಳಿತ. ಉಪಕರಣಗಳ ಚೀಲವನ್ನು ಕಾಲ ಬಳಿ ಇಟ್ಟ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಆ ಬೆಳಗಿನ ಬಿಸಿಲಲ್ಲಿ ಬಿಕ್ಕಿ ಬಿಕ್ಕಿ ಅತ್ತ.