ಗೋಡೆ ಬಿಟ್ಟು ನಿಂತ ಕಪಾಟು

ಭೂಕಂಪದ ಮರುದಿನ ಬೆಳಿಗ್ಗೆ ಠಾಣೆಗೆ ಬಂದ ಬಸ್ ಚಾಲಕ, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮಕ್ಕ ಲೈಬ್ರರೀಲಿ ಕೆಲಸಕ್ಕಿದ್ಲು ಸಾರ್. ನಿನ್ನೆ ನೆಲ ನಡುಗಿದಾಗ ಪುಸ್ತಕದ ಕಪಾಟು ಮೇಲೆ ಬಿದ್ದು ಹೋಗ್ಬಿಟ್ಲು. ಊರಲ್ಲಿ ಒಂದು ಮನೆ ಬಿದ್ದಿಲ್ಲ. ಅದೊಂದು ಕಪಾಟು ಯಾಕೆ ಬೀಳ್ಬೇಕಿತ್ತು?"

ಅಸಹಜ ಸಾವೆಂದು ಬರೆದು ಕಡತ ಮುಚ್ಚುವಂತೆ ಮೇಲಧಿಕಾರಿ ಇನ್ಸ್‌ಪೆಕ್ಟರ್‌ಗೆ ಆಗಲೇ ಹೇಳಿದ್ದರು. "ಭೂಕಂಪಕ್ಕೆ ಬೇಡಿ ಹಾಕ್ತೀರೇನ್ರಿ?" ಎಂದು ಫೋನಿನಲ್ಲಿ ನಕ್ಕಿದ್ದರು ಕೂಡ. ಆದರೂ ಇನ್ಸ್‌ಪೆಕ್ಟರ್ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದರು. ಎಲ್ಲರೂ ಮೀಸೆ ಎಂದೇ ಕರೆಯುವ ಹಿರಿಯ ಕಾನ್ಸ್‌ಟೇಬಲ್‌ನನ್ನು ಜೀಪು ಹತ್ತಿಸಿಕೊಂಡು ಹೊರಟರು.

ಗ್ರಂಥಾಲಯದ ಕಟ್ಟಡದಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಅದನ್ನು ಕಟ್ಟಿಸಿದ ಎಂಜಿನಿಯರ್, ರ‍್ಯಾಂಕು ಬಂದ ಮಗನ ಅಪ್ಪನ ಹಾಗೆ ಬೀಗುತ್ತ ಬಾಗಿಲಲ್ಲೇ ನಿಂತಿದ್ದ.

"ಕಂಬ ನೋಡಿ, ತೊಲೆ ನೋಡಿ. ಇದರಪ್ಪನಂಥ ಕಂಪನ ಬಂದ್ರೂ ಜಗ್ಗಲ್ಲ."

"ಒಳಗೆ ಒಬ್ಬರು ಸತ್ತಿದ್ದಾರಲ್ಲ?"

"ಅದು ಕಪಾಟಿಂದ. ಕಪಾಟು ನನ್ನ ಪಾಲಿಗೆ ಬರಲ್ಲ."

"ಮತ್ತೆ ಯಾರ ಪಾಲಿಗೆ ಬರುತ್ತೆ?"

"ಎತ್ತರದ ಕಪಾಟುಗಳನ್ನ ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗೀಬೇಕು ಅಂತ ಹೇಳಿದ್ದೆ. ಬಿಗಿಯೋನು ಬಡಗಿ."

ಬಡಗಿಯನ್ನು ಕರೆಸಿದರು. ತಾನು ಬಿಗಿದೇ ಹೋಗಿದ್ದೆ, ಆಮೇಲಿನದು ನಿರ್ವಹಣೆಯವರ ಪಾಲು ಎಂದು ಅವನು ಆಣೆ ಮಾಡಿದ. ಲಿಫ್ಟು, ತೂಗುದೀಪ, ತಾರಸಿಯ ನೀರಿನ ತೊಟ್ಟಿ ಬಿಟ್ಟು ಬೇರೇನೂ ತಮ್ಮದಲ್ಲ ಎಂದರು ನಿರ್ವಹಣೆಯವರು. ಮಧ್ಯಾಹ್ನದ ಹೊತ್ತಿಗೆ ಇನ್ಸ್‌ಪೆಕ್ಟರ್ ತಲೆ ಕೆಟ್ಟು ಕೆರ ಹಿಡಿದಿತ್ತು.

"ಇಷ್ಟೊಂದು ತೊಳೆದ ಕೈಗಳನ್ನ ನಾನು ಆಸ್ಪತ್ರೇಲೂ ನೋಡಿಲ್ಲ ಸಾರ್," ಎಂದ ಮೀಸೆ.

ಪಂಚನಾಮೆಗಾಗಿ ಓದುಕೋಣೆಯ ಬೀಗ ತೆಗೆದುಕೊಟ್ಟವರು ಗ್ರಂಥಪಾಲಕರು. ತೆಳ್ಳಗಿನ, ಮೆಲುದನಿಯ ಮನುಷ್ಯ. ಕೀಲಿಕೈ ಇದ್ದದ್ದು ಅವರೊಬ್ಬರ ಬಳಿ. ಹೆಂಗಸನ್ನು ಹೊರತೆಗೆಯಲು ಎತ್ತಿದ್ದ ಕಪಾಟು ಒಂದು ಬದಿಗಿತ್ತು. ಅದರ ತೆರೆದ ಹಿಂಬದಿಯಿಂದ ಉದುರಿದ ಪುಸ್ತಕಗಳು ಗೋಡೆಯುದ್ದಕ್ಕೂ ಹಾಗೇ ಹರಡಿದ್ದವು.

"ನೋಡಿ, ಪಟ್ಟಿಗಳು ಗೋಡೇಲೇ ಇವೆ. ಕಂಪನಕ್ಕೆ ಕಪಾಟು ಕಿತ್ಕೊಂಡು ಬಂತು," ಎಂದರು ಅವರು.

ಇನ್ಸ್‌ಪೆಕ್ಟರ್ ಮಂಡಿಯೂರಿ ನೆಲ ನೋಡಿದರು. ಕಪಾಟಿನ ಕಾಲುಗಳು ನಿಂತಿದ್ದ ಜಾಗದಲ್ಲಿ ತುಕ್ಕಿನ ಕಲೆ, ಸುತ್ತ ಧೂಳಿನ ಗೆರೆ ಉಳಿದಿತ್ತು. ಅಲ್ಲಿಂದ ಗೋಡೆಗೆ ಎರಡು ಗೇಣು. ಪಟ್ಟಿಗಳು ಅಂಗೈಯಷ್ಟೂ ಉದ್ದವಿರಲಿಲ್ಲ.

"ಪಟ್ಟಿ ಕಪಾಟಿಗೆ ಮುಟ್ಟೋದೇ ಇಲ್ವಲ್ಲ!"

ಮೀಸೆ ಅಷ್ಟರಲ್ಲಿ ಒಂದು ಪುಸ್ತಕ ಎತ್ತಿ ಹಿಡಿದಿದ್ದ. "ಒಂದೊಂದು ಪಟ್ಟಿ ಕೆಳಗೂ ಪುಸ್ತಕದ ಮೇಲೆ ಗೋಡೆ ಪುಡಿ ಬಿದ್ದಿದೆ ಸಾರ್. ಪುಸ್ತಕದಡಿ ನೆಲ ಚೊಕ್ಕವಾಗಿದೆ. ಪುಸ್ತಕ ಬಿದ್ದ ಮೇಲೆ ಗೋಡೆ ಕೊರೆದಿದ್ದಾರೆ."

ಇನ್ಸ್‌ಪೆಕ್ಟರ್ ಎದ್ದು ಗ್ರಂಥಪಾಲಕರತ್ತ ತಿರುಗಿದರು.

"ಪಟ್ಟಿ ಯಾವಾಗ ಹಾಕಿದ್ರಿ?"

ಗ್ರಂಥಪಾಲಕರು ಕೀಲಿಕೈಯನ್ನು ಜೇಬಿಗಿಳಿಸಿದರು. "ನಿನ್ನೆ. ಅವಳನ್ನ ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ಮೇಲೆ."

"ಮೊದಲು ತೆಗೆದಿದ್ದು?"

"ಅದೂ ನಾನೇ."

"ಯಾಕೆ?"

"ಗೋಡೆ ಮುಟ್ಟಿ ನೋಡಿ ಸಾರ್."

ಗೋಡೆ ಒದ್ದೆಯಾಗಿತ್ತು. ಒಳಗಿನ ಪೈಪು ಸೋರಿ ಹಿಂದಿನ ಸಾಲಿನ ಪುಸ್ತಕಗಳಿಗೆ ಬೂಸ್ಟು ಹತ್ತಿತ್ತು. ಗ್ರಂಥಪಾಲಕರು ಗಂಟಲು ಹರಿಯುವಷ್ಟು ಹೇಳಿಕೊಂಡರೂ ಯಾರೂ ಇತ್ತ ತಿರುಗಿ ನೋಡಿರಲಿಲ್ಲ. ಕೊನೆಗೆ ಅವರೇ ಪಟ್ಟಿ ಬಿಚ್ಚಿ, ಗಾಳಿಯಾಡಲೆಂದು ಕಪಾಟನ್ನು ಮುಂದಕ್ಕೆಳೆದಿದ್ದರು.

"ಎಳೆಯೋಕೆ ಅವಳೂ ಕೈ ಹಾಕಿದ್ಲು. 'ಬೀಳಲ್ವಾ ಸಾರ್?' ಅಂತ ಕೇಳಿದ್ಲು. ಗೋಡೆ ಒಣಗೋವರೆಗೆ ಅಷ್ಟೇ ಕಣಮ್ಮ ಅಂದಿದ್ದೆ."

ಸಂಜೆ ಅವರನ್ನು ಬಂಧಿಸಲಾಯಿತು. ಆರೋಪ: ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ತಿರುಚುವಿಕೆ. ಪೈಪು ಸರಿಪಡಿಸದವರನ್ನು ಯಾವ ಕಲಮಿನಡಿ ತರಬಹುದೆಂದು ಇನ್ಸ್‌ಪೆಕ್ಟರ್ ಕಾನೂನು ಪುಸ್ತಕ ತಿರುವಿ ಹಾಕಿದರು. ಯಾವುದೂ ಹೊಂದಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

ಸುದ್ದಿ ಕೇಳಿ ಸತ್ತವಳ ತಮ್ಮ ಮತ್ತೆ ಠಾಣೆಗೆ ಬಂದ. ಲಾಕಪ್ಪಿನ ಸರಳುಗಳಾಚೆ, ಗೋಡೆಗೆ ಮುಖ ಮಾಡಿ ಕೂತ ಗ್ರಂಥಪಾಲಕರನ್ನು ಬಹಳ ಹೊತ್ತು ನೋಡಿದ.

"ಯಾಕೆ ಮಾಡಿದ್ರಂತೆ?"

"ಪುಸ್ತಕ ಉಳಿಸ್ಕೊಳ್ಳೋಕೆ. ಸೋರೋ ಪೈಪನ್ನ ಯಾರೂ ರಿಪೇರಿ ಮಾಡ್ಲಿಲ್ಲ."

"ಹೊಡೆದುಹಾಕ್ಬೇಕು ಅಂತ ಬಂದಿದ್ದೆ ಸಾರ್," ಎಂದು ಅವನು ಬೆಂಚಿನ ಮೇಲೆ ಕುಸಿದು ಕೂತ. "ಈಗ ಯಾರನ್ನ ಬೈಬೇಕು ಅಂತಾನೂ ತಿಳೀತಿಲ್ಲ."